ಮಗನ ವರದಿಯಲ್ಲಿ ಐದು ಹೆಸರುಗಳಿವೆ. ಇವು ಐದು ಬೇರೆ ಬೇರೆ ಕಾಯಿಲೆಗಳೇ?

ಅಲ್ಲ. ನಾಲ್ಕು ವರ್ಷದ ನಿಮ್ಮ ಮಗನ ವರದಿಯಲ್ಲಿ ಎಎಸ್‌ಡಿ ಲೆವೆಲ್ 2, ಸೆನ್ಸರಿ ಸಮಸ್ಯೆ, ಎಕೋಲಾಲಿಯಾ, ಜಿಡಿಡಿ, ಎಡಿಎಚ್‌ಡಿ ಲಕ್ಷಣಗಳು ಎಂದಿದೆ ಎಂದು ಬರೆದಿದ್ದೀರಿ. ನಾನು ವಾಕ್ ಚಿಕಿತ್ಸಕಿ, ಇಂಥ ವರದಿಗಳನ್ನು ಓದುವುದು ನನ್ನ ಕೆಲಸದ ಭಾಗ. ಬರೆಯುವವರು ಎಲ್ಲವನ್ನೂ ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ಪೋಣಿಸಿಬಿಡುತ್ತಾರೆ, ಹೆತ್ತವರು ಎಣಿಸಿ ಕಂಗಾಲಾಗುತ್ತಾರೆ.

ಮೊದಲ ಮೂರು ಒಂದೇ ಮನೆಯವು. ಎಎಸ್‌ಡಿ ಎಂದರೆ ಆಟಿಸಂ. ಇತರರೊಡನೆ ಸಂವಹನದಲ್ಲಿ ತೊಡಕು ಮತ್ತು ಮಾಡಿದ್ದನ್ನೇ ಮಾಡುವ ಸೀಮಿತ ವರ್ತನೆ, ಎರಡೂ ಇದ್ದರೆ ಮಾತ್ರ ಆ ನಿರ್ಣಯ. ಸೆನ್ಸರಿ ಸಮಸ್ಯೆ, ಅಂದರೆ ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದು ಈ ಎರಡನೆಯ ಗುಂಪಿಗೇ ಸೇರಿದೆ. ಲೆವೆಲ್ ಎಂಬುದು ಎಷ್ಟು ನೆರವು ಬೇಕು ಎಂಬುದರ ಅಂದಾಜು, ಬುದ್ಧಿಯ ಅಳತೆಯಲ್ಲ. ಮಗು ಬೆಳೆದಂತೆ ಅದು ಬದಲಾಗಬಹುದು. ಯಾರಾದರೂ ಆಸ್ಪರ್ಜರ್ ಎಂದರೆ ಗೊಂದಲ ಬೇಡ. ಅದು ಹಿಂದೆ ಬೇರೆಯಾಗಿ ಕೊಡುತ್ತಿದ್ದ ನಿರ್ಣಯ: 2013ರಲ್ಲಿ ಬಂದ ಡಿಎಸ್‌ಎಂ-5, ಅಂದರೆ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ, ಅದನ್ನು ಎಎಸ್‌ಡಿಯೊಳಗೇ ಸೇರಿಸಿದೆ.

ಎಕೋಲಾಲಿಯಾ ಎಂದರೆ ಕೇಳಿದ ಮಾತನ್ನೇ ಮರಳಿ ಹೇಳುವುದು. ಇದು ಒಂದು ವರ್ತನೆಯ ಹೆಸರಷ್ಟೇ. ಹೆತ್ತವರು ಇದನ್ನು ನಿಲ್ಲಿಸಲು ಹೊರಡುತ್ತಾರೆ. ನನಗೆ ಅದನ್ನು ಕಂಡರೆ ಸಂಕಟ. ‘ನೀರು ಬೇಕೇ?’ ಎಂದಾಗ ಮಗುವೂ ‘ನೀರು ಬೇಕೇ?’ ಎಂದರೆ, ಅನೇಕ ವೇಳೆ ಅದರ ಅರ್ಥ ‘ಹೌದು, ಕೊಡು’ ಎಂದೇ. ಯಾವಾಗಲೋ ಕೇಳಿದ ಜಾಹೀರಾತಿನ ಸಾಲು ದಿನಗಳ ನಂತರ ಬಂದರೆ, ಆಗ ಸುತ್ತ ಏನು ನಡೆಯುತ್ತಿತ್ತು ಎಂದು ಗಮನಿಸಿ. ಗದರಬೇಡಿ. ಅವನು ಹೇಳಬೇಕಿದ್ದ ರೀತಿಯಲ್ಲಿ ನೀವೇ ‘ನೀರು ಬೇಕು’ ಎಂದು ಹೇಳಿ ಲೋಟ ಕೊಡಿ.

ಜಿಡಿಡಿ, ಅಂದರೆ ಹಲವು ಬಗೆಯ ಬೆಳವಣಿಗೆ ಒಟ್ಟಿಗೇ ಹಿಂದುಳಿದಿರುವುದು. ಡಿಎಸ್‌ಎಂ-5ರಲ್ಲಿ ಇದು ಐದು ವರ್ಷದೊಳಗಿನವರಿಗೆ ಮಾತ್ರ ಕೊಡುವ ತಾತ್ಕಾಲಿಕ ನಿರ್ಣಯ. ಬೌದ್ಧಿಕ ಸಾಮರ್ಥ್ಯವನ್ನು ನಂಬುವಂತೆ ಪರೀಕ್ಷಿಸಲು ಇನ್ನೂ ಆಗದು ಎಂದರ್ಥ. ಇದನ್ನು ಬೌದ್ಧಿಕ ಅಸಾಮರ್ಥ್ಯ ಎಂದು ಈಗಲೇ ಓದಿಕೊಳ್ಳಬೇಡಿ. ಮರುಪರೀಕ್ಷೆ ಯಾವಾಗ ಎಂದು ಕೇಳಿ ಬರೆಸಿಕೊಳ್ಳಿ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ದುಡುಕು. ಇದು ಮಾತ್ರ ನಿಜಕ್ಕೂ ಬೇರೆ ಸ್ಥಿತಿ. ಆಟಿಸಂ ಇದ್ದವರಲ್ಲಿ ಅದು ಸಾಮಾನ್ಯವಾಗಿಯೇ ಕಾಣುತ್ತದೆ. ಆದರೂ ಹಿಂದಿನ ಕೈಪಿಡಿ ಎರಡನ್ನೂ ಒಟ್ಟಿಗೆ ಕೊಡಲು ಬಿಡುತ್ತಿರಲಿಲ್ಲ, ಹಳೆಯ ಪುಸ್ತಕಗಳಲ್ಲಿ ಬೇರೆ ಮಾತು ಸಿಗುವುದು ಅದಕ್ಕೇ. ನಿಮ್ಮ ವರದಿಯಲ್ಲಿ ‘ಲಕ್ಷಣಗಳು’ ಎಂದಿದೆ, ಅಂದರೆ ನಿರ್ಣಯ ಇನ್ನೂ ಆಗಿಲ್ಲ.

ವರದಿಯಲ್ಲಿಲ್ಲದ ಒಂದನ್ನು ನಾನೇ ಸೇರಿಸುತ್ತೇನೆ: ಅಪಸ್ಮಾರ (ಫಿಟ್ಸ್). ಆಟಿಸಂ ಇರುವವರಲ್ಲಿ ಇದು ಇತರರಿಗಿಂತ ಹೆಚ್ಚು. ಮಗ ಆಗಾಗ ಕರೆದರೂ ಮುಟ್ಟಿದರೂ ಅಲುಗದೆ ಕೆಲವು ಕ್ಷಣ ದಿಟ್ಟಿಸುತ್ತ ನಿಂತುಬಿಡುತ್ತಿದ್ದರೆ, ಅದೂ ಅಪಸ್ಮಾರದ ಒಂದು ಬಗೆ ಇರಬಹುದು. ಮೊಬೈಲಿನಲ್ಲಿ ಚಿತ್ರೀಕರಿಸಿ ನರರೋಗ ತಜ್ಞರಿಗೆ ತೋರಿಸಿ. ಇದಕ್ಕೆ ಮುಂದಿನ ಭೇಟಿಯವರೆಗೆ ಕಾಯಬೇಡಿ.