ಡಿಪ್ ಹಾಕಿದ್ರೆ ರಸ್ತೇನೇ ಕಾಣಲ್ಲ

ಪ್ರಶ್ನೆ: ಸರ್, ನಾವು ಗೋವಾದ ವಾಸ್ಕೋದಲ್ಲಿರೋದು, ಊರು ಬೆಳಗಾವಿ. ಕಾರಿಗೆ ಹನ್ನೊಂದು ವರ್ಷ. ರಾತ್ರಿ ಚೋರ್ಲಾ ಘಾಟಲ್ಲಿ ಎದುರಿಂದ ಗಾಡಿ ಬಂತು ಅಂತ ಡಿಪ್ ಮಾಡಿದ್ರೆ ಮುಂದೆ ಏನೂ ಕಾಣಲ್ಲ. 100/90 ಬಲ್ಬ್ (ಹೈ ಬೀಮಿಗೆ 100, ಡಿಪ್‌ಗೆ 90 ವ್ಯಾಟ್) ಹಾಕಿಸ್ಲಾ, ಎಲ್‌ಇಡಿನಾ?

ಉತ್ತರ: ಎರಡೂ ಬೇಡ ಮಾರಾಯ್ರೆ. ನಮ್ಮ ಭಾವ 100/90 ಹಾಕಿಸಿ, ಹೋಲ್ಡರ್ ಕರಗಿ ಬಲ್ಬಿಗೇ ಅಂಟ್ಕೊಂಡಿದ್ದನ್ನ ನಾನೇ ಕಿತ್ತು ತೆಗೆದಿದ್ದೀನಿ. ಹ್ಯಾಲೊಜೆನ್ ಬಲ್ಬಿಗೆ ಅಂತ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ತುರುಕಿದ್ರೆ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡಿಯತ್ತೆ, ಘಾಟಿನ ತಿರುವಲ್ಲಿ ಅದು ಜೀವಕ್ಕೇ ಅಪಾಯ.

ಮೊದ್ಲು ಹೆಡ್‌ಲೈಟಿನ ಮುಂದಿನ ಪ್ಲಾಸ್ಟಿಕ್ ಲೆನ್ಸ್ ನೋಡಿ. ಬಿಸಿಲಿಗೆ ಹಳದಿಯಾಗಿದ್ರೆ ನೀರು ಹಾಕ್ಕೊಂಡು 1000, ಆಮೇಲೆ 2000 ನಂಬರ್ ಸ್ಯಾಂಡ್‌ಪೇಪರಲ್ಲಿ ಉಜ್ಜಿ ಪಾಲಿಶ್ ಮಾಡಿಸಿ, ಮೇಲೆ ಯುವಿ ಕೋಟಿಂಗ್ ಬೇಕೇ ಬೇಕು, ಇಲ್ದಿದ್ರೆ ಬೇಗ ಮತ್ತೆ ಹಳದಿ.

ಆಮೇಲೆ ಇಂಜಿನ್, ಡಿಪ್ ಎರಡೂ ಆನ್ ಇಟ್ಟು ಮಲ್ಟಿಮೀಟರಲ್ಲಿ ಬ್ಯಾಟರೀಲಿ ಎಷ್ಟು, ಬಲ್ಬ್ ಪಿನ್ನಲ್ಲಿ ಎಷ್ಟು ಅಂತ ನೋಡಿಸಿ, ವೋಲ್ಟೇಜ್ 10 ಪರ್ಸೆಂಟ್ ಇಳಿದ್ರೂ ಬೆಳಕು ಸುಮಾರು 30 ಪರ್ಸೆಂಟ್ ಇಳಿಯತ್ತೆ. ಅಷ್ಟು ವ್ಯತ್ಯಾಸ ಇದ್ರೆ ಬ್ಯಾಟರಿಯಿಂದ ದಪ್ಪ ವೈರ್, ಫ್ಯೂಸ್, ರಿಲೇ (ಬ್ಯಾಟರಿಯಿಂದ ನೇರ ಲೈಟಿಗೆ ಕರೆಂಟ್ ಬಿಡೋ ಸ್ವಿಚ್) ಹಾಕಿಸಿ, ಅರ್ತಿಂಗ್‌ನ ತುಕ್ಕೂ ತೆಗೆಸಿ. ಒಳ್ಳೆ ಕಂಪನಿ 60/55 ಬಲ್ಬನ್ನ ಜೋಡೀಲೇ ಬದಲಾಯಿಸಿ, ಕೊನೆಗೆ ಗೋಡೆಗೆ ಬಿಟ್ಟು ಲೈಟಿನ ಲೆವೆಲ್ ಸೆಟ್ ಮಾಡಿಸಿ.