ಎಕೋ ಯಂತ್ರದಿಂದ ಜೀನ್ ಚಿಕಿತ್ಸೆ: ಶಹಾಪುರದವರ ಪ್ರಶ್ನೆಗೆ ಪ್ರತಿಕ್ರಿಯೆ

ಮಾನ್ಯರೇ, ನಿಮ್ಮ ಅಣ್ಣನ ಮಗನ ಹೃದಯಸ್ನಾಯು ದುರ್ಬಲವಾಗಿದೆ, ಎಕೋ ಯಂತ್ರದ ಶ್ರವಣಾತೀತ ತರಂಗಗಳಿಂದಲೇ ವೈರಸ್ ಬಿಡುಗಡೆ ಮಾಡಿ ಜೀನ್ ಸೇರಿಸಬಹುದಂತೆ, ಅದನ್ನು ಕಲಬುರಗಿಯಲ್ಲಿ ಮಾಡಿಸಬಹುದೇ ಎಂದು ಕೇಳಿದ್ದೀರಿ. ತತ್ವ ನಿಜ; ಆದರೆ ಅದು ಆಸ್ಪತ್ರೆಗಳಲ್ಲಿ ದೊರೆಯುವ ಚಿಕಿತ್ಸೆಯಾಗಿಲ್ಲ.

ಇಲ್ಲಿ ವೈರಸ್ ಎಂದರೆ ರೋಗ ಹರಡುವ ಜೀನ್‌ಗಳನ್ನು ತೆಗೆದು, ಬೇಕಾದ ಜೀನನ್ನು ತುಂಬಿದ ವಾಹಕ. ಹೆಚ್ಚು ಬಳಕೆಯಲ್ಲಿರುವ ಎಎವಿ (ಅಡೆನೊ-ಅಸೋಸಿಯೇಟೆಡ್ ವೈರಸ್) ಎಂಬ ವಾಹಕದ ಅಗಲ ಸುಮಾರು 25 ನ್ಯಾನೊಮೀಟರ್. ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ ಹೆಚ್ಚಿನ ಪಾಲು ಯಕೃತ್ತನ್ನು ಸೇರುತ್ತದೆ; ಹಿಂದೆ ಅಂಥ ಸೋಂಕು ತಗುಲಿದ್ದವರಲ್ಲಿ ಪ್ರತಿಕಾಯಗಳು ದಾರಿಯಲ್ಲೇ ತಡೆಯುತ್ತವೆ. ಆದ್ದರಿಂದ ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ, ಕೊಬ್ಬಿನ ಅಥವಾ ಆಲ್ಬುಮಿನ್ ಪೊರೆಯೊಳಗೆ ಅನಿಲವಿರುವ ಗುಳ್ಳೆಗಳ ಜೊತೆ ಅದನ್ನು ಕಳಿಸುತ್ತಾರೆ. ಗುಳ್ಳೆ ಹೃದಯ ತಲುಪಿದಾಗ ತರಂಗದ ಒತ್ತಡ ಹೆಚ್ಚಿಸಿದರೆ ಅದು ಹಿಗ್ಗಿ, ಕುಗ್ಗಿ, ಒಡೆಯುತ್ತದೆ. ಆ ಹೊಡೆತಕ್ಕೆ ಪಕ್ಕದ ಲೋಮನಾಳದ ಗೋಡೆ ಸ್ವಲ್ಪ ಹೊತ್ತು ಸಡಿಲಗೊಂಡು ವೈರಸ್ ಒಳನುಸುಳುತ್ತದೆ. 2000ರಲ್ಲಿ ಅಡೆನೊವೈರಸ್ ಎಂಬ ಇನ್ನೊಂದು ವಾಹಕ ಬಳಸಿ ಇಲಿಗಳ ಹೃದಯದಲ್ಲಿ ಇದನ್ನು ತೋರಿಸಲಾಯಿತು. ತೊಡಕೂ ಅಲ್ಲಿಯೇ ಇದೆ: ಒತ್ತಡ ಸಾಲದಿದ್ದರೆ ಗುಳ್ಳೆ ಒಡೆಯದು, ಮಿತಿಮೀರಿದರೆ ನಾಳಕ್ಕೆ ಪೆಟ್ಟಾಗಿ ರಕ್ತ ಸೋರುತ್ತದೆ.

ಈಗಾಗಲೇ ಮಾಡಿಸಿದ ಎಕೋಗಳಿಂದ ಮಗುವಿನ ಜೀನ್ ಬದಲಾಗಿರಬಹುದೆಂಬ ನಿಮ್ಮ ಅಂಜಿಕೆಗೆ ಆಧಾರವಿಲ್ಲ; ಆ ಪರೀಕ್ಷೆಯಲ್ಲಿ ವೈರಸ್ ಕೊಡುವುದೇ ಇಲ್ಲ. ಎದೆಗೆ ಹಚ್ಚುವ ಆ ತಣ್ಣನೆಯ ಜೆಲ್ ಔಷಧವೇ ಅಲ್ಲ. ಚರ್ಮಕ್ಕೂ ತರಂಗ ಕಳಿಸುವ ಪ್ರೋಬ್‌ಗೂ ನಡುವೆ ಗಾಳಿ ಉಳಿಯದಂತೆ ಮಾಡುವುದಷ್ಟೇ ಅದರ ಕೆಲಸ. ಎಕೋ ತಪ್ಪಿಸಬೇಡಿ, ಹಣ ಪಡೆದು ಈ ಚಿಕಿತ್ಸೆ ಕೊಡುತ್ತೇವೆನ್ನುವವರನ್ನು ಮಾತ್ರ ದೂರವಿಡಿ.