ಒಂಬತ್ತನೇ ಕ್ಲಾಸಿನ ಮಗ ಮಾತೇ ಆಡಲ್ಲ, ಕೋಚ್ ಹತ್ರ ಕಳಿಸಲಾ?

ಮಗ ಸ್ಕೂಲಿಂದ ಬಂದವನೇ ರೂಮು ಸೇರಿಕೊಳ್ಳುತ್ತಾನೆ, ಏನು ಕೇಳಿದರೂ 'ಏನಿಲ್ಲ' ಅನ್ನುತ್ತಾನೆ, ಲೈಫ್ ಕೋಚ್ ಹತ್ರ ಕಳಿಸಿದರೆ ಸರಿ ಹೋಗ್ತಾನಾ ಅಂತ ಕೇಳಿದ್ದೀರಿ. ನಾನು ಎಂಟು ವರ್ಷದಿಂದ ಹೈಸ್ಕೂಲು, ಪಿಯು ಮಕ್ಕಳ ಜೊತೆ ಇದೇ ಕೆಲಸ ಮಾಡುತ್ತಿದ್ದೇನೆ. ಕಳಿಸಬಹುದು. ಆದರೆ ರಿಪೇರಿಗೆ ಬಿಟ್ಟ ಹಾಗೆ ಬಿಟ್ಟು ಹೋಗಬೇಡಿ, ಮಕ್ಕಳಿಗೆ ಅದು ಮೊದಲ ದಿನವೇ ಗೊತ್ತಾಗುತ್ತದೆ.

ನಮ್ಮಲ್ಲಿ ಕೋಚಿಂಗ್ ಅಂದರೆ ನೀಟು, ಸಿಇಟಿ. ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಲೈಫ್ ಕೋಚಿಂಗ್ ಇದಕ್ಕೆ ಉಲ್ಟಾ, ಇಲ್ಲಿ ಮಾತು ಮಗುವಿನದು. ನನ್ನ ಅರ್ಧ ಕೆಲಸ ಸುಮ್ನೆ ಕೂರೋದು.

ಹತ್ತನೇ ಕ್ಲಾಸಿನ ಒಬ್ಬ ಹುಡುಗ ಮೂರು ವಾರ 'ಗೊತ್ತಿಲ್ಲ ಸರ್' ಬಿಟ್ಟು ಬೇರೇನೂ ಹೇಳಲಿಲ್ಲ. ಪೆನ್ನಿನ ಕ್ಯಾಪ್ ತೆಗೆಯೋದು, ಹಾಕೋದು. ನಾಲ್ಕನೇ ವಾರ ಕೇಳಿದೆ, 'ಈ ವಾರಕ್ಕೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀಯ?' 'ನಾಲ್ಕು.' ಮನೆಯಲ್ಲಾಗಿದ್ದರೆ 'ಯಾಕೋ ನಾಲ್ಕೇ?' ಅನ್ನುತ್ತಿದ್ದರು. ನಾನು 'ಎರಡು ಯಾಕಲ್ಲ?' ಅಂದೆ. ಕ್ಯಾಪ್ ನಿಂತಿತು. 'ಸಂಜೆ ಶಟಲ್ ಆಡ್ತೀನಲ್ಲ ಸರ್, ಅದಕ್ಕೆ.' ಎಸ್ಸೆಸ್ಸೆಲ್ಸಿ ಹತ್ರ ಬಂತು ಅಂತ ಅವರಮ್ಮ ನಿಲ್ಲಿಸಲು ಹೊರಟಿದ್ದದ್ದು ಅದೇ ಶಟಲ್ಲನ್ನು! ಅಮ್ಮನ ಹತ್ರ ಮಾತಾಡ್ತೀನಿ ಅಂತ ಅವನೇ ಹೇಳಿದ. ಹೇಗೆ ಕೇಳೋದು ಅಂತ ನನ್ನೆದುರು ಎರಡು ಸಲ ಹೇಳಿ ನೋಡಿಕೊಂಡ. ನಾನು ಕೊಟ್ಟ ಸಲಹೆ ಸೊನ್ನೆ.

ಆಮೇಲೆ ನಿದ್ದೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ರಾತ್ರಿ ಬೇಗ ನಿದ್ದೆ ಬಾರದಿರೋದು ಬರೀ ಮೊಬೈಲಿನ ತಪ್ಪಲ್ಲ, ಹದಿಹರೆಯದಲ್ಲಿ ನಿದ್ದೆಯ ಸಮಯ ಆಯ್ತು ಅಂತ ದೇಹಕ್ಕೆ ಹೇಳುವ ಮೆಲಟೋನಿನ್ ಹಾರ್ಮೋನು ಏರೋದೇ ತಡ. ಐದಕ್ಕೆ ಓದಲು ಎಬ್ಬಿಸಿ, 'ಯಾವಾಗಲೂ ಸಿಡುಕ್ತಾನೆ' ಅಂದರೆ ಹೇಗೆ?

ಒಂದು ಎಚ್ಚರ. ಕೋಚ್ ಡಾಕ್ಟರಲ್ಲ. ಎರಡು ವಾರವಾದರೂ ಊಟ, ನಿದ್ದೆ ಸರಿ ಹೋಗದಿದ್ದರೆ, ಇಷ್ಟದ ಆಟವೂ ಬೇಡ ಅಂದರೆ ಡಾಕ್ಟರಿಗೆ ತೋರಿಸಿ. ಕೈ ಕುಯ್ದುಕೊಂಡ ಗುರುತು ಕಂಡರೆ, ಸಾಯೋ ಮಾತು ಬಂದರೆ ಅವತ್ತೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೋಚ್ ಅಂತ ಬೋರ್ಡು ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಲೈಸೆನ್ಸು ಬೇಕಿಲ್ಲ. ಹಾಗಾಗಿ ಫೀಸು ಕಟ್ಟುವ ಮುಂಚೆ ಕೇಳಿ: 'ಮಗ ಹೇಳಿದ್ದನ್ನೆಲ್ಲ ನನಗೆ ಹೇಳ್ತೀರಾ?' 'ಹೂಂ, ಎಲ್ಲಾ ಹೇಳ್ತೀನಿ' ಅಂದರೆ ಎದ್ದು ಬನ್ನಿ. ಜೀವಕ್ಕೆ ಅಪಾಯದ ವಿಷಯ ಬಿಟ್ಟು ಬೇರೇನೂ ಹೇಳಲ್ಲ ಅನ್ನುವವರು ಬೇಕು. ನಿಮಗೆ ಕಷ್ಟವೇ, ದುಡ್ಡು ಕೊಡೋದು ನೀವು ಅಲ್ವಾ.